ನಾನು ಕೆರೆದು ತೆಗೆದ ಉಪ್ಪುನೆಲ

ನನ್ನ ಗಂಡನಿಗೆ ಸೈಕಲ್ ಬಿಡಲು ಸರಿಯಾಗಿ ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಡೆದದ್ದಕ್ಕೆಲ್ಲ ಇದೇ ಬುಡ. ನಾನಾದರೋ ಮೂರು ವರ್ಷ ಮಲ್ಪೆಯ ಕಡೆಯಿಂದ ಪಾಲಿಟೆಕ್ನಿಕ್ಕಿಗೆ ಅಣ್ಣನ ಹಳೆಯ ಸೈಕಲ್ಲಿನಲ್ಲೇ ಹೋಗಿ ಬಂದವಳು. ಬೆಳಿಗ್ಗೆ ಘಟ್ಟದ ಕಡೆಯ ಗಾಳಿ, ಸಂಜೆ ಕಡಲಿನ ಗಾಳಿ. ಎರಡು ಹೊತ್ತೂ ಎದೆಗೇ ಬಡಿಯುತ್ತಿತ್ತು. ಲಂಗದ ಅಂಚನ್ನು ರಬ್ಬರ್ ಬ್ಯಾಂಡಿನಲ್ಲಿ ಬಿಗಿದು, ಡ್ರಾಯಿಂಗ್ ಹಾಳೆಗಳ ಸುರುಳಿಯನ್ನು ಬೆನ್ನಿಗೆ ಕಟ್ಟಿಕೊಂಡು, ಬಸ್ಸಿಗಿಂತ ಮೊದಲು ತಲುಪಿದ ದಿನಗಳೂ ಇದ್ದವು. ಸಿವಿಲ್ ಡಿಪ್ಲೊಮಾ ಮುಗಿಸಿದ ಮರುವರ್ಷ ಮದುವೆಯಾಯಿತು. 1984ರಲ್ಲಿ ಸೌದಿಗೆ ಬಂದೆ.

ಗಂಡ ರಾಸ್ ತನೂರಾದ ರಿಫೈನರಿಗೆ ಕೆಲಸ ಮಾಡಿಕೊಡುವ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ಇನ್‌ಸ್ಟ್ರುಮೆಂಟ್ ಫೋರ್‌ಮನ್. ನಾವಿದ್ದದ್ದು ಕಂಪನಿಯ ಕ್ಯಾಂಪಿನಲ್ಲಿ, ಗೋಡೆಯ ಒಳಗೆ, ಸಾಲಾಗಿ ನಿಲ್ಲಿಸಿದ ಪೋರ್ಟಾ ಕ್ಯಾಬಿನ್ ಮನೆಗಳಲ್ಲಿ. ಹೆಂಗಸರಿಗೆ ಕೆಲಸವಿಲ್ಲ. ಗುರುವಾರ ಸಂಜೆ ಅಬಾಯಾ ಹಾಕಿಕೊಂಡು ಕಂಪನಿ ಬಸ್ಸಿನಲ್ಲಿ ಖತೀಫಿನ ಮಾರ್ಕೆಟ್ಟಿಗೆ ಹೋದರೆ ಆಯಿತು. ಮೀನು, ತರಕಾರಿ, ಮತ್ತೆ ಗೋಡೆ. ನನ್ನ ಡ್ರಾಯಿಂಗ್ ಪೆನ್ನುಗಳು ಸೂಟ್‌ಕೇಸಿನಲ್ಲೇ ಇದ್ದವು. ತಿಂಗಳಿಗೊಮ್ಮೆ ತೆಗೆದು ತೊಳೆದು ಒಣಗಿಸಿ ಇಡುತ್ತಿದ್ದೆ.

1986ರ ಚಳಿಗಾಲದಲ್ಲಿ ನಮ್ಮ ಸಾಲಿನ ಕೊನೆಯ ಮನೆಗೆ ಒಬ್ಬ ಇಟಾಲಿಯನ್ ಇಂಜಿನಿಯರ್ ಮತ್ತು ಅವನ ಹೆಂಡತಿ ಬಂದರು. ಇಬ್ಬರೂ ಸಾರ್ಡಿನಿಯಾ ಎಂಬ ದ್ವೀಪದವರು, ಮೆಡಿಟರೇನಿಯನ್ ಕಡಲ ನಡುವಿನದು. ಅವರ ಸಾಮಾನಿನ ಜೊತೆ ಎರಡು ಸೈಕಲ್ಲುಗಳು ಬಂದವು. ಅಂಥ ಸೈಕಲ್ಲನ್ನು ನಾವು ಯಾರೂ ಕಂಡಿರಲಿಲ್ಲ. ಬೈಕಿನ ಟಯರಿನಂತೆ ಹಲ್ಲುಹಲ್ಲಿನ ದಪ್ಪ ಟಯರು, ಹ್ಯಾಂಡಲ್ ಅಡ್ಡಕ್ಕೆ ನೇರ, ಹದಿನೈದೋ ಹದಿನೆಂಟೋ ಗಿಯರು. ಗುಡ್ಡ ಹತ್ತುವ ಸೈಕಲ್ ಎಂದರು. ನೀಲಿಯದು ಅವನದು, ಕೆಂಪುಬಣ್ಣದ್ದು ಅವಳದು.

ಅವಳಿಗೆ, ಇಲ್ಲಿ ಹೆಂಗಸರು ಗೇಟಿನ ಹೊರಗೆ ಸೈಕಲ್ ತೆಗೆಯುವಂತಿಲ್ಲ ಎಂಬುದು ಬಂದ ವಾರದಲ್ಲೇ ಗೊತ್ತಾಯಿತು. ಒಬ್ಬನೇ ಮರಳಿನ ದಾರಿಗೆ ಹೋಗುವುದು ಬೇಡವೆಂದು ಇಂಜಿನಿಯರ್ ಜೊತೆಗೊಬ್ಬನನ್ನು ಹುಡುಕಿದ. ನನ್ನ ಗಂಡ ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದರು, ಹೂಂ ಅಂದರು. ಹೀಗೆ ಪ್ರತಿ ಶುಕ್ರವಾರ ಬೆಳಕು ಹರಿಯುವಾಗ, ಅವಳ ಕೆಂಪು ಸೈಕಲ್ಲಿನ ಮೇಲೆ ಕೂತು, ಸೈಕಲ್ ಬಿಡಲು ಬಾರದ ನನ್ನ ಗಂಡ ಹೊರಗೆ ಹೋಗತೊಡಗಿದರು. ಬಿಡಲು ಬರುವ ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ.

ಮೊದಲ ಶುಕ್ರವಾರ ಮೊಣಕೈ ಕೆತ್ತಿಸಿಕೊಂಡು ಬಂದರು. ಎರಡನೆಯದರಲ್ಲಿ ಮಂಡಿ. ಗಾಯಕ್ಕೆ ಮದ್ದು ಹಾಕುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಆಮೇಲಾಮೇಲೆ ಬೀಳುವುದು ನಿಂತಿತು. ಊಟಕ್ಕೆ ಕೂತಾಗ ಅವರ ಬಾಯಿಂದ ದಾರಿಗಳು ಬರತೊಡಗಿದವು.

"ಇವತ್ತು ಕಡಲ ಬದಿಗೇ ಹೋದ್ದು. ಅಲ್ಲಿ ನಮ್ಮಲ್ಲಿ ಅಳಿವೆ ಹತ್ರ ಇರ್ತದಲ್ಲ, ಕಾಂಡ್ಲ ಗಿಡ, ಅದೇ ಉಂಟು ಮಾರಾಯ್ತಿ. ಕೆಸರು, ಏಡಿ, ಕೊಕ್ಕರೆ ಎಲ್ಲ."

"ಟಯರಿನ ಗಾಳಿ ಸ್ವಲ್ಪ ಬಿಡ್ಬೇಕು, ಗೊತ್ತುಂಟಾ? ಆಗ ಹೊಯ್ಗೆ ಮೇಲೆ ಆರಾಮ ಹೋಗ್ತದೆ."

ನನಗೆ ಸೈಕಲ್ಲಿನ ವಿಷಯ ಅವರು ಕಲಿಸುತ್ತಿದ್ದರು. ಹೊಟ್ಟೆಕಿಚ್ಚು ಎಂಬ ಶಬ್ದ ಬಹಳ ಸರಿಯಾದದ್ದು. ಅದು ನಿಜವಾಗಿ ಹೊಟ್ಟೆಯಲ್ಲೇ ಇರುತ್ತದೆ, ಬಡಿಸುವಾಗ ಬಗ್ಗಿದರೆ ತಾಗುತ್ತದೆ. ಬಂಗುಡೆ ಸಾರಿಗೆ ಒಂದು ಶುಕ್ರವಾರ ಬೇಕೆಂದೇ ಉಪ್ಪು ಹಾಕಲಿಲ್ಲ. ಅವರು ಉಪ್ಪು ಕೇಳಿ ಹಾಕಿಕೊಂಡು, ಖತೀಫಿನ ತೋಟದೊಳಗಿನ ದಾರಿಯ ವಿಷಯ ಮುಂದುವರಿಸಿದರು. ಅಲ್ಲಿ ನೀರಿನ ಕಾಲುವೆಯ ಏರಿ ಒಂದಾಳು ಅಗಲವಂತೆ. ಎರಡೂ ಕಡೆ ಖರ್ಜೂರದ ಮರವಂತೆ. ಒಬ್ಬ ಮುದುಕ ಕೂಗಿ ಕರೆದು ಗಾವಾ ಎಂಬ ಅರಬ್ ಕಾಫಿ ಕೊಟ್ಟನಂತೆ.

ದಾರಿ ಹೇಳುವುದಕ್ಕೆ ಅವರು ಒಂದು ದಿನ ಬಿಸ್ಕೆಟ್ ಡಬ್ಬಿಯ ರಟ್ಟಿನ ಮೇಲೆ ಗೀಚಿ ತೋರಿಸಿದರು. ಕಾಲುವೆ ಮೇಲಕ್ಕೆ ಹರಿಯುವ ಹಾಗೆ ಇತ್ತು ಅದು. ನನಗೆ ತಡೆಯಲಾಗಲಿಲ್ಲ. ಸೂಟ್‌ಕೇಸಿನಿಂದ ಪೆನ್ನು, ಟ್ರೇಸಿಂಗ್ ಹಾಳೆ ತೆಗೆದೆ.

"ಗೇಟಿನಿಂದ ಎಷ್ಟು ನಿಮಿಷ? ಸೂರ್ಯ ಯಾವ ಕಡೆ ಇದ್ದ? ಅಲ್ಲಿ ನೆಲ ಎಂತದ್ದು, ಹೊಯ್ಗೆಯಾ, ಗಟ್ಟಿಯಾ?"

ಅವರು ಹೇಳುತ್ತ ಹೋದರು, ನಾನು ಬಿಡಿಸುತ್ತ ಹೋದೆ. ಊಟದ ಮೇಜಿನ ಮೇಲೆ ಎರಡು ಗಂಟೆಯಲ್ಲಿ ಒಂದು ನಕ್ಷೆ ಆಯಿತು. ಮರಳಿಗೆ ಚುಕ್ಕಿ, ತೋಟಕ್ಕೆ ಸಣ್ಣ ನಕ್ಷತ್ರ, ಉಪ್ಪುನೆಲಕ್ಕೆ ಓರೆ ಗೆರೆ. ಪೈಪ್‌ಲೈನು, ಟ್ಯಾಂಕು, ರಿಫೈನರಿ ಏನೂ ಹಾಕಬೇಡವೆಂದು ಅವರು ಮೊದಲೇ ಹೇಳಿದ್ದರು. ಚೆಕ್‌ಪೋಸ್ಟಿನಲ್ಲಿ ಯಾರಾದರೂ ನೋಡಿದರೆ ಇಕಾಮಾ ಎಂಬ ವಾಸದ ಪರವಾನಗಿಗೇ ಸಂಚಕಾರ. ಹಾಗಾಗಿ ಇಡೀ ಪ್ರದೇಶದ ಅತಿ ದೊಡ್ಡ ವಸ್ತುವನ್ನು ಖಾಲಿ ಬಿಟ್ಟು, ಬಾವಿ, ಮರ, ಮಸೀದಿಯ ಮಿನಾರು ಇಷ್ಟನ್ನೇ ಹಾಕುತ್ತಿದ್ದೆ. ಇರುವುದನ್ನು ಬಿಡುವ ಅಭ್ಯಾಸ ನನ್ನ ಕೈಗೆ ಆಗಲೇ ಆಗಿತ್ತು.

ಐದಾರು ನಕ್ಷೆಗಳಾದವು, ಅವನ್ನು ಗಂಡ ಸವಾರಿಗೆ ಒಯ್ಯುತ್ತಿದ್ದರು. ವಾರವಿಡೀ ಶುಕ್ರವಾರಕ್ಕೆ ಕಾಯುವುದು ಈಗ ನನಗೂ ಅಭ್ಯಾಸವಾಯಿತು. ನಾನು ಒಂದು ದಿನವೂ ಕಾಲಿಡದ ದಾರಿಗಳು ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿದ್ದವು. ಎಲ್ಲಿ ಏರಿ ಒಡೆದಿದೆ, ಎಲ್ಲಿ ನಾಯಿಗಳಿವೆ, ಎಲ್ಲಿ ಇಳಿದು ನೂಕಬೇಕು, ಎಲ್ಲ.

ಇಂಜಿನಿಯರನ ಹೆಂಡತಿ ಆಗಾಗ ನಮ್ಮ ಮನೆಗೆ ಬರುತ್ತಿದ್ದಳು. ಅವಳ ಇಂಗ್ಲಿಷ್ ಹರಕು, ನನ್ನದು ಪುಸ್ತಕದ್ದು, ಎರಡೂ ಸೇರಿ ನಡೆಯುತ್ತಿತ್ತು. ಏಪ್ರಿಲಿನ ಒಂದು ಗುರುವಾರ ಮಧ್ಯಾಹ್ನ ಆಲ್ಬಮ್ ತಂದು ತೋರಿಸಿದಳು. ತನ್ನ ಊರಿನಲ್ಲಿ ಅವಳು ಸೈಕಲ್ ಬಿಟ್ಟ ದಾರಿಗಳು. ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ಬಂಡೆಗಳ ಮೇಲಿನ ಕಾಲುದಾರಿ, ಕೆಳಗೆ ಗಾಜಿನಂಥ ನೀರು. ಹಳೆಯ ಕಾವಲು ಗೋಪುರ. ಅಲ್ಲಿಂದ ಒಳನಾಡಿಗೆ ತಿರುಗಿದರೆ ಕುರಿಗಾಹಿಗಳ ದಾರಿ, ಕಲ್ಲಿನ ಗಿಡ್ಡ ಗೋಡೆಗಳು, ಬಾಟಲಿಯ ಬೆಂಡು ತೆಗೆಯುವ ಓಕ್ ಮರಗಳು, ತೊಗಟೆ ಸುಲಿದು ಕಾಂಡವೆಲ್ಲ ಕೆಂಪು. ಪ್ರತಿ ಚಿತ್ರದಲ್ಲೂ ಅವಳು ಇದ್ದಳು, ಮೊಣಕಾಲವರೆಗೆ ಧೂಳು ಮೆತ್ತಿಕೊಂಡು ನಗುತ್ತ. ಅವಳ ಕಾಲಿನಲ್ಲಿ ಹಳೆಯ ಗಾಯದ ಬಿಳಿ ಗೆರೆಗಳಿದ್ದವು. ಆ ಗಾಯಗಳ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ನನ್ನ ಕಾಲಲ್ಲಿ ಒಂದೂ ಇರಲಿಲ್ಲ.

ಹೊರಡುವಾಗ ಅವಳು ಹೇಳಿದಳು: "ನಿನ್ನ ಗಂಡನ ಕೈ ಎಷ್ಟು ಚೆಂದ. ಅವನ ನಕ್ಷೆಗಳನ್ನು ನನ್ನವ ಗೋಡೆಗೆ ಅಂಟಿಸಿದ್ದಾನೆ. ನೆಲ ಬದಲಾಗುವ ಜಾಗ ಕೂಡ ಗುರುತು ಮಾಡುತ್ತಾನಲ್ಲ. ನಮ್ಮ ಊರಿನಲ್ಲೂ ಅಂಥವರು ಕಡಿಮೆ."

"ಅವರು ಬಿಡಿಸಿದ್ದು ಅಂತ ಹೇಳಿದರಾ?" ಎಂದು ಕೇಳಿದೆ.

"ಕೇಳಿದೆವು. ನಕ್ಕ. ನಾಚಿಕೆಯವನು."

ನಾನೂ ನಕ್ಕೆ. ಅವಳು ಹೋದ ಮೇಲೆ ಬಾಗಿಲು ಹಾಕಿದೆ.

ಮೇಜಿನ ಮೇಲೆ ಮರುದಿನದ ನಕ್ಷೆ ಸಿದ್ಧವಾಗಿತ್ತು. ಬಿಸಿಲು ಏರುತ್ತಿದ್ದುದರಿಂದ ಅದೇ ಆ ವರ್ಷದ ಕೊನೆಯ ಸವಾರಿ. ಖತೀಫಿನ ತೋಟಗಳನ್ನು ದಾಟಿ ಒಳನಾಡಿನ ಒಂದು ಸಣ್ಣ ಕಲ್ಲುಗುಡ್ಡಕ್ಕೆ ಹೋಗುವುದೆಂದು ಮಾತಾಗಿತ್ತು. ಆ ಕಡೆ ಅವರಿಬ್ಬರೂ ಹೋಗಿರಲಿಲ್ಲ. ಕ್ಯಾಂಪಿನ ಪಿಕಪ್ ಡ್ರೈವರ್, ಮಂಗಳೂರು ಕಡೆಯ ಬ್ಯಾರಿ, ಹತ್ತು ವರ್ಷದಿಂದ ಇದ್ದವರು, ಆ ದಾರಿ ಬಲ್ಲವರು. ಅವರು ಮಂಗಳವಾರ ಮನೆಗೆ ಬಂದಾಗ ಗಂಡ ಡ್ಯೂಟಿಯಲ್ಲಿದ್ದರು. ಡ್ರೈವರ್ ಬಾಗಿಲಲ್ಲೇ ನಿಂತು ನನಗೆ ಹೇಳಿ ಹೋಗಿದ್ದರು.

"ಅಕ್ಕ, ಸಾರ್‌ಗೆ ಸರಿಯಾಗಿ ಹೇಳಿ. ಎರಡು ಒಂಟಿ ಖರ್ಜೂರದ ಮರ ಸಿಗ್ತದೆ. ಅಲ್ಲಿಂದ ಬಲಕ್ಕೆ ಗಾಡಿಯ ಹಳೇ ಜಾಡು ಉಂಟು, ಅದನ್ನೇ ಹಿಡೀಬೇಕು. ಎದುರಿಗೆ ನೇರ ಗುಡ್ಡ ಕಾಣ್ತದೆ ಅಂತ ಹೋಗುದು ಬೇಡ. ಅದೆಲ್ಲ ಸಬ್ಖಾ. ಮೇಲೆ ಉಪ್ಪಿನ ಹಪ್ಪಳ, ಅಡಿಯಲ್ಲಿ ಕೆಸರು."

ನಾನು ಹಾಗೆಯೇ ಬಿಡಿಸಿದ್ದೆ. ಎರಡು ಮರ, ಬಲಕ್ಕೆ ಜಾಡು, ಎದುರಿಗೆ ಬೊಗಸೆಯಷ್ಟಗಲ ಓರೆ ಗೆರೆಗಳ ಸಬ್ಖಾ. ಈಗ ಅರ್ಧ ಬ್ಲೇಡ್ ತೆಗೆದುಕೊಂಡು ಕೂತೆ. ಟ್ರೇಸಿಂಗ್ ಹಾಳೆಯ ಮೇಲಿನ ಶಾಯಿಯನ್ನು ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕೆರೆದರೆ ಹೋಗುತ್ತದೆ. ಒಂದೊಂದೇ ಗೆರೆ ಕೆರೆದೆ. ಜಾಡನ್ನೂ ಕೆರೆದೆ. ಆಮೇಲೆ ಉಗುರಿನ ಹಿಂಬದಿಯಿಂದ ಆ ಜಾಗವನ್ನು ಉಜ್ಜಿ ನಯ ಮಾಡಿದೆ. ಎರಡು ಮರದಿಂದ ಗುಡ್ಡಕ್ಕೆ ಈಗ ಏನೂ ಅಡ್ಡವಿರಲಿಲ್ಲ.

ಏನು ಯೋಚಿಸಿದ್ದೆ? ಅವರು ಸಾಯಲಿ ಎಂದಲ್ಲ. ನಕ್ಷೆ ತಪ್ಪಾಗಲಿ, ಟಯರು ಹೂತುಹೋಗಲಿ, ಇಟಲಿಯವನು ಅವರ ಮುಖ ನೋಡಲಿ, 'ಇದೆಂಥ ನಕ್ಷೆ' ಎಂದು ಕೇಳಲಿ, ಆಗ ಅವರು ಏನು ಹೇಳುತ್ತಾರೋ ಹೇಳಲಿ. ಇಷ್ಟೇ ಇದ್ದದ್ದು. ಸಬ್ಖಾ ಎಂದರೆ ಏನೆಂದು ನನಗೆ ಓರೆ ಗೆರೆಯಾಗಿ ಮಾತ್ರ ಗೊತ್ತಿತ್ತು.

ಶುಕ್ರವಾರ ಅವರು ಹೊರಟರು. ಎಂದಿನಂತೆ ಹನ್ನೊಂದಕ್ಕೆ ಬರಬೇಕು. ಬರಲಿಲ್ಲ. ಜುಮಾ ನಮಾಜಿನ ಕರೆ ಆಯಿತು. ಒಂದೂವರೆಗೆ ಅವಳು ಬರಿಗಾಲಿನಲ್ಲೇ ನಮ್ಮ ಮನೆಗೆ ಓಡಿಬಂದಳು.

"ಎರಡೆರಡು ಬಾಟಲಿ ನೀರು ಮಾತ್ರ ಒಯ್ದಿದ್ದಾರೆ. ನಕ್ಷೆಯ ಇನ್ನೊಂದು ಪ್ರತಿ ಇದೆಯಾ? ಎಲ್ಲಿ ಹುಡುಕಬೇಕೆಂದು ಗೊತ್ತಾಗಬೇಕಲ್ಲ."

ಪೆನ್ಸಿಲಿನಲ್ಲಿ ಮೊದಲು ಹಾಕಿದ ಕರಡು ನನ್ನ ಬಳಿ ಇತ್ತು. ಅದರಲ್ಲಿ ಸಬ್ಖಾ ಇತ್ತು. ಅವಳ ಕೈಗೆ ಕೊಡುವ ಬದಲು ಅದನ್ನು ಹಿಡಿದುಕೊಂಡು ಡ್ರೈವರ್ ಇದ್ದ ಶೆಡ್ಡಿನ ಕಡೆ ಓಡಿದೆ. ಅವರು ಆಗಷ್ಟೇ ಮಸೀದಿಯಿಂದ ಬಂದಿದ್ದರು.

"ಅವರು ಮರದಿಂದ ನೇರ ಹೋಗಿದ್ದಾರೆ" ಎಂದೆ.

"ನೇರ ಯಾಕೆ ಹೋಗುದು? ನಾನು ಹೇಳಿದ್ದೆ ಅಲ್ವಾ ಅಕ್ಕ?"

"ಹೇಳಿದ್ರಿ. ನೀವು ಬೇಗ ಹೋಗಿ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ನೀರಿನ ಡ್ರಮ್ಮು, ಹಗ್ಗ, ಹಲಗೆಗಳನ್ನು ಪಿಕಪ್ಪಿಗೆ ಎಸೆದು ಹೊರಟರು.

ಅವಳೂ ನಾನೂ ನಮ್ಮ ಮನೆಯ ಮೆಟ್ಟಿಲಿನ ಮೇಲೆ ಕೂತೆವು. ನೆರಳು ನಮ್ಮ ಕಾಲಿನಿಂದ ಸರಿದು ಎದುರಿನ ಗೋಡೆಗೆ ಹೋಯಿತು. ಅವಳು ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು, ನಡುವೆ ನನ್ನ ಕೈ ಹಿಡಿದುಕೊಂಡಳು. ಆ ಕೈ ಬಿಡಿಸಿಕೊಳ್ಳಲು ನನಗೆ ಧೈರ್ಯವಾಗಲಿಲ್ಲ, ಹಿಡಿದಿಟ್ಟುಕೊಳ್ಳಲೂ ಆಗಲಿಲ್ಲ.

ಐದು ಗಂಟೆಯ ಹೊತ್ತಿಗೆ ಪಿಕಪ್ ಬಂತು. ಇಬ್ಬರೂ ಬದುಕಿದ್ದರು. ನಡೆದದ್ದು ಇಷ್ಟು: ಅರ್ಧ ದಾರಿಯವರೆಗೆ ಉಪ್ಪಿನ ಪದರ ಅವರನ್ನು ಹೊತ್ತಿತ್ತು. ಆಮೇಲೆ ಒಮ್ಮೆಲೇ ಒಡೆಯಿತು. ಇಂಜಿನಿಯರನ ಪಾದ ಪೆಡಲಿಗೆ ಸಿಕ್ಕಿ ತಿರುಚಿತು. ನನ್ನ ಗಂಡ ತೊಡೆಯವರೆಗೆ ಹೂತುಹೋಗಿ, ಹೇಗೋ ಎದ್ದು, ಕೆಂಪು ಸೈಕಲ್ಲನ್ನು ಕೆಸರಿನ ಮೇಲೆ ಮಲಗಿಸಿ ಅದನ್ನೇ ಹಲಗೆಯಂತೆ ಮಾಡಿ ಅವನನ್ನು ಎಳೆದು ತಂದರು. ಗಟ್ಟಿ ನೆಲಕ್ಕೆ ಬರುವಷ್ಟರಲ್ಲಿ ನೀರು ಮುಗಿದಿತ್ತು. ನೆರಳಿಲ್ಲ. ನೀಲಿ ಸೈಕಲ್ಲಿನ ಮೇಲೆ ಅವನನ್ನು ಕೂರಿಸಿ ನೂಕಿಕೊಂಡು ಬರುವಾಗ ಡ್ರೈವರ್ ಕಂಡರು. ಕೆಂಪು ಸೈಕಲ್ ಅಲ್ಲೇ ಉಳಿದಿತ್ತು.

ಗಂಡನ ತುಟಿ ಒಡೆದಿತ್ತು, ಉಪ್ಪಿನ ಪದರ ಕಾಲನ್ನು ಗಾಜಿನಂತೆ ಕೊಯ್ದಿತ್ತು. ಬಕೆಟ್ಟಿನಲ್ಲಿ ಕಾಲು ಇಡಿಸಿ ತೊಳೆಯುತ್ತಿದ್ದೆ. ಅವರು ನನ್ನ ತಲೆಯನ್ನೇ ನೋಡುತ್ತಿದ್ದರೆಂದು ಕಾಣುತ್ತದೆ.

"ಡ್ರೈವರ್ ನಿಂಗೆ ಹೇಳಿದ್ರಂತೆ."

"ಹೇಳಿದ್ರು."

"ಮರ್ತುಹೋಯ್ತಾ?"

ಹೂಂ ಅನ್ನಬಹುದಿತ್ತು. ಅವರು ಕೇಳಿದ ರೀತಿಯೇ ಹಾಗಿತ್ತು, ಹೂಂ ಅಂದರೆ ಮುಗಿಸಿಬಿಡಲು ಅವರು ತಯಾರಿದ್ದರು.

"ಇಲ್ಲ. ಬಿಡಿಸಿದ್ದೆ. ಮತ್ತೆ ಕೆರೆದು ತೆಗೆದೆ."

ಅವರು ಕಾಲನ್ನು ಬಕೆಟ್ಟಿನಿಂದ ತೆಗೆದರು. ನೀರು ನೆಲದ ಮೇಲೆ ಹರಿಯಿತು. "ಯಾಕೆ?" ಎಂದರು.

"ನಕ್ಷೆ ಯಾರದ್ದು ಅಂತ ಅವರು ಕೇಳಿದಾಗ ನೀವು ಎಂತ ಹೇಳಿದ್ದು?"

ಅವರು ಟವೆಲ್ ಎಳೆದುಕೊಂಡು ಕಾಲು ಒರೆಸತೊಡಗಿದರು. ನನ್ನ ಪ್ರಶ್ನೆ ಅವರ ಕಾಲುಗಳ ಎದುರು ಬಹಳ ಸಣ್ಣದಾಗಿತ್ತು. ಅದು ಇಬ್ಬರಿಗೂ ಗೊತ್ತಾಯಿತು. ಆ ರಾತ್ರಿ ಅವರು ಊಟ ಮಾಡಿದರು, ನಾನು ಮಾಡಲಿಲ್ಲ.

ಮರುದಿನ ಅವರು ಕುಂಟುತ್ತ ಕೊನೆಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಎಲ್ಲ ನಕ್ಷೆಯೂ ನಾನು ಮಾಡಿದ್ದೆಂದು, ಕೊನೆಯದರಲ್ಲಿ ಮಾಡಿದ್ದು ಏನೆಂದು ಕೂಡ. ಹೀಗೆ ನನಗೆ ಬರಬೇಕಾದ ಹೆಸರೂ ಕೆಟ್ಟ ಹೆಸರೂ ಒಂದೇ ದಿನ ಬಂದವು. ಇಂಜಿನಿಯರ್ ಆಮೇಲೆ ನನ್ನನ್ನು ಕಂಡಾಗ ತಲೆಯಾಡಿಸುತ್ತಿದ್ದ, ಮಾತಾಡುತ್ತಿರಲಿಲ್ಲ. ಅವನ ಗೋಡೆಯ ನಕ್ಷೆಗಳು ಒಂದು ದಿನ ಸುರುಳಿಯಾಗಿ ನಮ್ಮ ಬಾಗಿಲಿಗೆ ಬಂದವು.

ವಾರದ ನಂತರ ಡ್ರೈವರ್ ಹಲಗೆ ಹಾಸಿ ಕೆಂಪು ಸೈಕಲ್ಲನ್ನು ತಂದರು. ಉಪ್ಪು ಅದನ್ನು ತಿಂದಿತ್ತು. ಚೈನು ತುಕ್ಕಿನ ಹಗ್ಗದಂತಿತ್ತು, ಗಿಯರುಗಳು ತಿರುಗುತ್ತಿರಲಿಲ್ಲ. ಅವಳು ಅದನ್ನು ಮನೆಯ ಹಿಂದೆ ತಲೆಕೆಳಗಾಗಿಸಿ ನಿಲ್ಲಿಸಿ, ದಿನವೂ ಹಲ್ಲುಜ್ಜುವ ಬ್ರಶ್ಶಿನಿಂದ ಸೀಮೆಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಗಂಡನ ಮುಖಭಂಗ ಮಾಡಲು ಹೋಗಿ ನಾನು ಹಾಳುಮಾಡಿದ್ದು ಅವಳ ವಸ್ತುವನ್ನು. ತಾನೇ ಹತ್ತಿ ಹೋಗಲಾಗದೆ ವಾರವಾರ ಇನ್ನೊಬ್ಬರಿಗೆ ಕೊಟ್ಟು ಕಳಿಸುತ್ತಿದ್ದವಳದ್ದು.

ನಾಲ್ಕನೆಯ ದಿನ ನಾನೂ ಒಂದು ಬ್ರಶ್ ತೆಗೆದುಕೊಂಡು ಹೋಗಿ ಅವಳ ಎದುರು ಕೂತೆ. ಅವಳು ಬೇಡವೆನ್ನಲಿಲ್ಲ. ಚೈನಿನ ಕೊಂಡಿಗಳನ್ನೇ ನೋಡುತ್ತ ಹೇಳಿದಳು:

"ಜನವರಿಯಲ್ಲಿ ಒಂದು ಶುಕ್ರವಾರ ನಿನ್ನ ಗಂಡ ಹೋಗಲಿಲ್ಲ, ನೆನಪಿದೆಯಾ? ಟಯರು ಪಂಕ್ಚರ್ ಎಂದಿದ್ದೆವು. ನಾನೇ ಮೊಳೆ ಚುಚ್ಚಿದ್ದು. ಅವನು ನನ್ನ ಸೀಟಿನ ಮೇಲೆ ಕೂತು ಹೋಗುವುದನ್ನು ಆ ದಿನ ನೋಡಲಾಗಲಿಲ್ಲ."

ನಾನು ಮುಖ ಎತ್ತಿದೆ. ಅವಳು ನಗುತ್ತಿರಲಿಲ್ಲ.

"ಆದರೆ ನಾನು ಚುಚ್ಚಿದ್ದು ಟಯರಿಗೆ" ಎಂದಳು. "ಮನುಷ್ಯರಿಗಲ್ಲ."

"ಗೊತ್ತು" ಎಂದೆ.

ಅದಕ್ಕಿಂತ ಹೆಚ್ಚು ನಾವು ಆ ವಿಷಯ ಮಾತಾಡಲಿಲ್ಲ. ಹತ್ತು ಹದಿನೈದು ದಿನ ತಿಕ್ಕಿದೆವು. ಗಂಡ ವರ್ಕ್‌ಶಾಪಿನಲ್ಲಿ ಎರಡು ಹಲ್ಲುಚಕ್ರ ಸರಿಮಾಡಿಸಿ ತಂದು, ನನ್ನ ಕೈಗೆ ಕೊಡದೆ ಅವಳ ಕೈಗೆ ಕೊಟ್ಟರು. ಹದಿನೆಂಟು ಗಿಯರಿನಲ್ಲಿ ನಾಲ್ಕು ಮಾತ್ರ ಬದುಕಿದವು. ಅವಳು ಕ್ಯಾಂಪಿನೊಳಗೆ ಒಂದು ಸುತ್ತು ಹಾಕಿ ಬಂದು, ಸೀಟು ತಗ್ಗಿಸಿ, ನನಗೆ ಹ್ಯಾಂಡಲ್ ಕೊಟ್ಟಳು.

ನೀರಿನ ಟ್ಯಾಂಕಿನ ಹಿಂದೆ, ಪೈಪು ರಾಶಿ ಹಾಕಿದ ಅಂಗಳದ ಸುತ್ತ ಗೋಡೆಗೆ ತಾಗಿ ಒಂದು ಮಣ್ಣಿನ ದಿಬ್ಬವಿತ್ತು. ಗೇಟಿನಿಂದ ಕಾಣದ ಜಾಗ ಅದೊಂದೇ. ಐದು ವರ್ಷದ ನಂತರ ಪೆಡಲಿನ ಮೇಲೆ ಕಾಲಿಟ್ಟೆ. ಎಲ್ಲ ನೆನಪಿರುತ್ತದೆ ಎಂದುಕೊಂಡಿದ್ದೆ. ಹತ್ತು ಮಾರು ಹೋಗುವಷ್ಟರಲ್ಲಿ ಮುಂದಿನ ಚಕ್ರ ಮರಳಿಗೆ ಸಿಕ್ಕಿ ಹ್ಯಾಂಡಲಿನ ಮೇಲಿಂದ ಮುಂದಕ್ಕೆ ಬಿದ್ದೆ. ಮರಳಿನಲ್ಲಿ ಸೈಕಲ್ ಬಿಡುವುದು ಬೇರೆಯೇ ವಿದ್ಯೆ. ಗಂಡ ಅದನ್ನು ನಿಜವಾಗಿ ಕಲಿತಿದ್ದರು, ನಾನು ಒಪ್ಪಿರಲಿಲ್ಲ ಅಷ್ಟೆ. ಬೇಸಿಗೆಯಿಡೀ ಬೆಳಿಗ್ಗೆ ಐದೂವರೆಗೆ, ಬಿಸಿಲು ಏರುವ ಮೊದಲು, ಅವಳೂ ನಾನೂ ಸರದಿಯಲ್ಲಿ ಆ ದಿಬ್ಬ ಹತ್ತಿ ಇಳಿದೆವು. ಅವಳು ಹಿಂದೆ ನಿಂತು ಹೇಳಿಕೊಡುತ್ತಿದ್ದಳು: ಭಾರ ಹಿಂದಕ್ಕೆ ಹಾಕು, ಬ್ರೇಕು ಹಿಡಿಯಬೇಡ, ಹೋಗಬೇಕಾದ ಕಡೆ ನೋಡು.

1988ರಲ್ಲಿ ಇಂಜಿನಿಯರನ ಕಾಂಟ್ರಾಕ್ಟ್ ಮುಗಿದು ಅವರು ಊರಿಗೆ ಹೊರಟರು. ಸೈಕಲ್ಲುಗಳೂ ಹೋದವು. ಬಸ್ಸು ಹತ್ತುವಾಗ ಅವಳು ನನ್ನನ್ನು ತಬ್ಬಿಕೊಂಡಳು, ನಾನು ಅತ್ತೆ. ಆ ಅಳುವಿನಲ್ಲಿ ಎಷ್ಟು ಪಾಲು ಅವಳಿಗಾಗಿ, ಎಷ್ಟು ಪಾಲು ಅವಳು ಹೋಗುತ್ತಿದ್ದ ಆ ದಾರಿಗಳಿಗಾಗಿ ಎಂದು ನನಗೆ ಇಂದೂ ವಿಂಗಡಿಸಲು ಬರುವುದಿಲ್ಲ. ಗಂಡ ಮತ್ತೆ ಸೈಕಲ್ ಹತ್ತಲಿಲ್ಲ. ಆ ದಿನದ ಬಗ್ಗೆ ನನ್ನನ್ನು ಮತ್ತೆ ಕೇಳಲೂ ಇಲ್ಲ. ಆದರೆ ಎಷ್ಟೋ ವರ್ಷ, ನಾನು ಏನಾದರೂ ಬರೆದು ಕೊಟ್ಟರೆ, ಅಂಗಡಿ ಸಾಮಾನಿನ ಪಟ್ಟಿಯೇ ಇರಲಿ, ಎರಡು ಸಲ ಓದುತ್ತಿದ್ದರು.

ಅವಳ ಪತ್ರಗಳು ಬರುತ್ತಿದ್ದವು, ಫೋಟೋಗಳೂ. ಕಡಲ ಬಂಡೆಯ ಮೇಲಿನ ದಾರಿ, ಗುಡ್ಡದ ಮೇಲಿನ ಊರು, ಹೊಸ ಹಸಿರು ಸೈಕಲ್. ಪ್ರತಿ ಸಲ ಲಕೋಟೆ ಒಡೆಯುವಾಗ ಹೊಟ್ಟೆಯೊಳಗೆ ಅದೇ ಜಾಗದಲ್ಲಿ ತಾಗುತ್ತಿತ್ತು. ನಾವು ಊರಿಗೆ ಮರಳಿದ ಕೆಲವು ವರ್ಷಗಳ ಮೇಲೆ ಬಂದ ಒಂದು ಪತ್ರದಲ್ಲಿ, ಮಂಡಿ ಆಪರೇಶನ್ ಆಗಿದೆ, ಡಾಕ್ಟರ್ ಇನ್ನು ಗುಡ್ಡ ಬೇಡ ಎಂದಿದ್ದಾನೆ ಎಂದು ಬರೆದಿದ್ದಳು. ಅದನ್ನು ಓದಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಸಮಾಧಾನ. ಇನ್ನು ಅವಳೂ ಹೋಗುವುದಿಲ್ಲ ಎಂಬ ಸಮಾಧಾನ. ದುಃಖ ಬರಲು ಸ್ವಲ್ಪ ಹೊತ್ತು ಹಿಡಿಯಿತು, ಬಂದಾಗ ಜೋರಾಗಿಯೇ ಬಂತು. ಆ ಸಂಜೆ ಕೂತು ಅವಳಿಗೆ ನಾಲ್ಕು ಪುಟ ಬರೆದೆ. ಮೊದಲು ಬಂದದ್ದನ್ನೂ ಬರೆದೆ. ತಿಂಗಳ ಮೇಲೆ ಉತ್ತರ ಬಂತು. ತನ್ನ ಓಣಿಯಲ್ಲಿ ಸೈಕಲ್ ಹೊಡೆಯುವ ಹೆಂಗಸರ ಮೇಲೆ ತನಗೆ ಈಗ ಎಷ್ಟು ಹೊಟ್ಟೆಕಿಚ್ಚೆಂದು ಒಬ್ಬೊಬ್ಬರದ್ದಾಗಿ ವಿವರಿಸಿದ್ದಳು.